ಹೆಲಿಕಾಪ್ಟರ್ ಬಿಟ್ಟು ಹೋಗುವ ಲಾಡ್ಜ್‌ಗೆ ಮೊದಲ ಸಲ, ಸ್ನೋಬೋರ್ಡ್‌ನವನು ನಾನೊಬ್ಬನೇ. ಏನು ತಯಾರಿ ಬೇಕು?

ಎಡಗಾಲು_ಮುಂದೆ:
ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ಸೆಲ್ಕರ್ಕ್ ಬೆಟ್ಟಗಳಲ್ಲಿರುವ ಒಂದು ಲಾಡ್ಜ್‌ಗೆ ಎಂಟು ಜನ ಹೊರಟಿದ್ದೇವೆ. ರಸ್ತೆ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಹೆಲಿಕಾಪ್ಟರ್ ಶನಿವಾರ ಇಳಿಸಿ ಹೋದರೆ ಮತ್ತೆ ಬರುವುದು ಮುಂದಿನ ಶನಿವಾರವೇ. ಮಧ್ಯದಲ್ಲಿ ಎಷ್ಟು ಪೌಡರ್ (ಹೊಸದಾಗಿ ಬಿದ್ದ ಪುಡಿ ಹಿಮ) ಬೇಕೋ ಅಷ್ಟೂ ನಾವೇ ಕಾಲಲ್ಲಿ ಹತ್ತಿ ಇಳಿಯಬೇಕು. ಉಳಿದ ಏಳೂ ಜನ ಸ್ಕೀಯವರು. ನಾನು ರೆಸಾರ್ಟ್‌ನಲ್ಲಿ ಐದು ಸೀಸನ್ ಬೋರ್ಡ್ ಆಡಿದ್ದೇನೆ, ಕಡಿದಾದ ಇಳಿಜಾರಿಗೆ ಹೆದರಿಕೆ ಇಲ್ಲ. ಸ್ಪ್ಲಿಟ್‌ಬೋರ್ಡ್ ಬೇಕೇ ಬೇಕಾ, ಅಥವಾ ಸ್ನೋಶೂ (ಹಿಮದಲ್ಲಿ ನಡೆಯೋಕೆ ಬೂಟಿನಡಿ ಕಟ್ಟುವ ಅಗಲ ಹಲಗೆ) ಹಾಕಿಕೊಂಡು ಹಳೇ ಬೋರ್ಡನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಬಹುದಾ? ಒಂದು ವಾರಕ್ಕೋಸ್ಕರ ಹೊಸದು ಕೊಳ್ಳೋಕೆ ಮನಸ್ಸಿಲ್ಲ.

ನಿಧಾನವೇ_ಪ್ರಧಾನ:
ಸ್ನೋಶೂ ಬೇಡ ಗುರು. ಒಂದು ದಿನಕ್ಕಾದರೆ ಪರವಾಗಿಲ್ಲ, ಏಳು ದಿನಕ್ಕೆ ಸಾಯ್ತೀಯ. ಸ್ಕೀಯವರು ಕಾಲೆತ್ತುವುದೇ ಇಲ್ಲ, ಸ್ಕೀ ಅಡಿಗೆ ಸ್ಕಿನ್ (ಮುಂದೆ ಜಾರುವ, ಹಿಂದೆ ಜಾರದ ನವಿರು ಕೂದಲಿನ ಅಂಟುಪಟ್ಟಿ) ಅಂಟಿಸಿಕೊಂಡು ಜಾರಿಸಿಕೊಂಡು ಹೋಗ್ತಾರೆ. ನೀನು ಪ್ರತಿ ಹೆಜ್ಜೆಗೂ ಹೂತು ಎದ್ದು, ಜೊತೆಗೆ ಅವರು ಹಾಕಿದ ದಾರಿಯನ್ನೂ ಗುಂಡಿ ಮಾಡ್ತೀಯ, ಹಿಂದಿನವರ ಬೈಗುಳ ಬೇರೆ. ಸ್ಪ್ಲಿಟ್‌ಬೋರ್ಡ್ ಬಾಡಿಗೆಗೆ ತಗೋ. ಉದ್ದಕ್ಕೆ ಎರಡಾಗಿ ಬಿಚ್ಚಿಕೊಳ್ಳುತ್ತದೆ, ಹತ್ತುವಾಗ ಅದೇ ನಿನ್ನ ಸ್ಕೀ.

ಆದರೆ ಬಾಡಿಗೆ ತಂದು ಸೀದಾ ಲಾಡ್ಜ್‌ಗೆ ಒಯ್ಯಬೇಡ. ನಾನು ಮಾಡಿದ ತಪ್ಪು ಅದೇ. ಮೊದಲ ದಿನ ಶಿಖರದ ಮೇಲೆ ಎಲ್ಲರೂ ಎರಡು ನಿಮಿಷದಲ್ಲಿ ಸ್ಕಿನ್ ಕಿತ್ತು ರೆಡಿ. ನಾನು ಗಾಳಿಯಲ್ಲಿ ಗ್ಲೌಸ್ ಬಿಚ್ಚಿ ಕೂತು ಬೋರ್ಡಿನ ಎರಡು ಭಾಗ ಜೋಡಿಸುವ ಕೊಕ್ಕೆ ಹುಡುಕುತ್ತಿದ್ದೆ, ಅದರೊಳಗೆ ಐಸ್ ಕಟ್ಟಿತ್ತು, ಬೆರಳಿಗೆ ಸ್ಪರ್ಶವೇ ಇಲ್ಲ. ಕಿತ್ತ ಸ್ಕಿನ್ ಒಂದನ್ನು ಹಿಮದ ಮೇಲೆ ಹಾಗೇ ಇಟ್ಟಿದ್ದೆ. ಅಂಟಿನ ಮೇಲೆ ಹಿಮದ ಪುಡಿ ಕೂತುಬಿಟ್ಟಿತು, ಎರಡನೇ ಸಲ ಹತ್ತುವಾಗ ನೂರು ಮೀಟರ್‌ಗೊಮ್ಮೆ ಕಳಚಿಕೊಳ್ಳುತ್ತಿತ್ತು. ಕೊನೆಗೆ ಗೈಡ್ ಬಂದು ರಬ್ಬರ್ ಪಟ್ಟಿ ಸುತ್ತಿ ಬಿಗಿದುಕೊಟ್ಟರು. ಕಿತ್ತ ತಕ್ಷಣ ಅಂಟಿಗೆ ಅಂಟು ಸೇರಿಸಿ ಮಡಚು, ಜಾಕೆಟ್ ಒಳಗೆ ಹೊಟ್ಟೆಯ ಹತ್ತಿರ ಇಟ್ಟುಕೋ. ಪಟ್ಟಿ ನಾಲ್ಕಾದರೂ ಇರಲಿ. ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಬಿಗಿಯುವ ಪಟ್ಟಾ) ಸ್ಕ್ರೂ, ಸಣ್ಣ ಸ್ಕ್ರೂಡ್ರೈವರ್ ಕೂಡ. ಅಲ್ಲಿ ಅಂಗಡಿ ಇಲ್ಲ.

ಹಿಮದ_ಹುಚ್ಚಿ:
ಎಲ್ಲಾ ಸರಿ, ಹಿಮಕುಸಿತದ ಮಾತೇ ಯಾರೂ ಎತ್ತಿಲ್ಲವಲ್ಲ? "ಕಡಿದಾದ ಇಳಿಜಾರಿಗೆ ಹೆದರಿಕೆ ಇಲ್ಲ" ಅಂದಿದ್ದೀರಿ, ನನಗೆ ಹೆದರಿಕೆ ಆಗಿದ್ದು ಅಲ್ಲೇ. ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರು, ಅಂದರೆ ನಿಮಗೆ ಮಜಾ ಕೊಡುವ ಇಳಿಜಾರೇ. ರೆಸಾರ್ಟ್‌ನಲ್ಲಿ ಬೆಳಗಾಗುವ ಮೊದಲೇ ಸ್ಫೋಟಕ ಹಾಕಿ ಕೆಡವಿರುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ.

ಬೀಕನ್ (ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. ಬಳಸೋಕೆ ಬರಲೂಬೇಕು. ಮೊದಲ ಹತ್ತು ನಿಮಿಷದಲ್ಲಿ ಅಗೆದು ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಆಮೇಲೆ ಬೇಗ ಬೇಗ ಇಳಿದುಬಿಡುತ್ತದೆ. ಹಾಗಾಗಿ ಹೆಲಿಕಾಪ್ಟರ್ ಬಂದು ಕಾಪಾಡುತ್ತದೆ ಅನ್ನೋದು ಸುಳ್ಳು, ಕಾಪಾಡಬೇಕಾದವರು ಪಕ್ಕದಲ್ಲಿರುವ ಏಳು ಜನ, ಅವರಿಗೆ ನೀವು. ಅವಲಾಂಚ್ ಕೆನಡಾ ಸಂಸ್ಥೆಯ ಎಎಸ್‌ಟಿ 1 (ಹಿಮಕುಸಿತದ ಮೊದಲ ಹಂತದ ತರಬೇತಿ) ಕೋರ್ಸ್ ಹೋಗುವ ಮೊದಲೇ ಮುಗಿಸಿ. ಗೈಡ್ ಇದ್ದರೂ ಬೇಕು, ಹೂತುಹೋಗುವುದು ಗೈಡೇ ಆಗಿದ್ದರೆ?

ಇನ್ನೊಂದು ಸಣ್ಣದು. ಮೊಬೈಲನ್ನು ಬೀಕನ್ ಪಕ್ಕದ ಜೇಬಲ್ಲಿ ಇಡಬೇಡಿ, ಬೀಕನ್ ಸಿಗ್ನಲ್‌ಗೆ ತೊಂದರೆ ಆಗುತ್ತದೆ. ಮಾಮೂಲಿಯಾಗಿ 20 ಸೆಂಟಿಮೀಟರ್ ದೂರ, ಹುಡುಕುವಾಗ 50. ಬಿಸಿ ಗ್ಲೌಸ್‌ನ ಬ್ಯಾಟರಿಗೂ ಇದೇ ಲೆಕ್ಕ.

ಬಲಗಾಲು_ಮುಂದೆ:
ಮೇಲಿನ ಇಬ್ಬರೂ ಸರಿ. ಬೋರ್ಡ್‌ನವರ ನಿಜವಾದ ಶತ್ರು ಮಾತ್ರ ಸಪಾಟು ಜಾಗ. ಸ್ಕೀಯವರು ಕೋಲು ಒತ್ತಿ ಹೋಗಿಬಿಡ್ತಾರೆ, ನಾವು ಸೊಂಟದವರೆಗಿನ ಹಿಮದಲ್ಲಿ ನಿಂತುಬಿಡ್ತೀವಿ. ಬಿದ್ದರೆ ಏಳೋಕೆ ಕೈ ಊರಿದರೆ ಭುಜದವರೆಗೂ ಒಳಗೆ ಹೋಗುತ್ತದೆ. ಮಡಚುವ ಕೋಲು ಎರಡನ್ನೂ ಅಡ್ಡಡ್ಡ ಇಟ್ಟು ಅದರ ಮೇಲೆ ಕೈಯೊತ್ತಿ ಏಳಬೇಕು. ಇಳಿಯುವ ಮೊದಲೇ ಗೈಡ್‌ಗೆ "ಕೆಳಗೆ ಸಪಾಟು ಇದೆಯಾ" ಅಂತ ಕೇಳಿ, ವೇಗ ಬಿಡಬೇಡಿ. ನಾಚಿಕೆ ಬೇಡ.

ಕಾಡಿನ ನಡುವೆ ಇಳಿಯುವಾಗ ಮರದ ಬುಡಕ್ಕೆ ಹತ್ತಿರ ಹೋಗಬೇಡಿ. ಕೆಳಗಿನ ಕೊಂಬೆಗಳು ಹಿಮ ತಡೆದು ಬುಡದಲ್ಲಿ ಪೊಳ್ಳು ಗುಂಡಿ ಆಗಿರುತ್ತದೆ, ತಲೆಕೆಳಗಾಗಿ ಬಿದ್ದರೆ ಒಬ್ಬರೇ ಹೊರಗೆ ಬರುವುದು ಕಷ್ಟ. ಜೊತೆಗಾರ ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರ ಇರಲಿ. ಸೀಟಿಯನ್ನು ಬ್ಯಾಗ್ ಒಳಗಲ್ಲ, ಕುತ್ತಿಗೆ ಹತ್ತಿರ ಸಿಕ್ಕಿಸಿ.

ಕಾಲು ಗಟ್ಟಿ ಇದೆಯಾ? ಗಂಟೆಗೆ 300 ಮೀಟರ್ ಎತ್ತರ ಹತ್ತುವುದು ಮಾಮೂಲಿ ವೇಗ. ಸಾವಿರ ಮೀಟರ್ ಹತ್ತಿದ ದಿನ ಪೂರ್ತಿ ಸೇರಿಸಿದರೂ ಇಳಿದದ್ದು ಅರ್ಧ ಗಂಟೆ ಇರಲಿಕ್ಕಿಲ್ಲ. ಈಗಲಿಂದಲೇ ಬ್ಯಾಗ್ ಹಾಕಿಕೊಂಡು ಮೆಟ್ಟಿಲು ಹತ್ತಿ. ಮತ್ತೆ, ವಾಪಸ್ ವಿಮಾನದ ಟಿಕೆಟ್ ಶನಿವಾರ ರಾತ್ರಿಗೇ ಮಾಡಿಸಬೇಡಿ. ಮೋಡ ಮುಚ್ಚಿದರೆ ಹೆಲಿಕಾಪ್ಟರ್ ಏಳುವುದೇ ಇಲ್ಲ.

ಎಡಗಾಲು_ಮುಂದೆ:
ಟಿಕೆಟ್ ಶನಿವಾರ ರಾತ್ರಿಗೇ ಇತ್ತು ಮಾರಾಯ್ರೇ, ಈಗಷ್ಟೇ ಸೋಮವಾರಕ್ಕೆ ಬದಲಾಯಿಸಿದೆ. ಕೋರ್ಸ್‌ಗೆ ಹೆಸರು ಕೊಟ್ಟಿದ್ದೇನೆ. ಸ್ಪ್ಲಿಟ್‌ಬೋರ್ಡ್ ಬಾಡಿಗೆಗೆ ತಂದು ಹಾಲ್‌ನಲ್ಲೇ ಗ್ಲೌಸ್ ಹಾಕಿಕೊಂಡು ಬಿಚ್ಚಿ ಜೋಡಿಸಿ ನೋಡಿದೆ. ಹದಿನಾಲ್ಕು ನಿಮಿಷ! ಅದರ ಮೇಲೆ ಒಂದು ಸ್ಕಿನ್ ಕಾರ್ಪೆಟ್‌ಗೆ ಅಂಟಿಕೊಂಡಿದೆ.

ನಿಧಾನವೇ_ಪ್ರಧಾನ:
ಅಯ್ಯೋ, ಎಳೀಬೇಡ! ತುದಿಯಿಂದ ಮೆಲ್ಲಗೆ ಬಿಡಿಸು. ಅಂಟಿಗೆ ಹತ್ತಿದ ಎಳೆಗಳನ್ನು ಕೂತು ಒಂದೊಂದೇ ಆರಿಸು. ಬಾಡಿಗೆಯವರಿಗೆ ಹಾಗೇ ಕೊಟ್ಟೀಯ ಮತ್ತೆ.