ಅಂತರರಾಷ್ಟ್ರೀಯ ಅಭಿವೃದ್ಧಿಯಲ್ಲಿ ಸ್ನಾತಕೋತ್ತರ ಓದು: ವಿದೇಶಕ್ಕೆ ಹೋಗಬೇಕೆ, ಬೆಂಗಳೂರು ಸಾಕೆ?

ಪ್ರಶ್ನೆ (ರಾಯಚೂರಿನಿಂದ)

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸ್ವಸಹಾಯ ಸಂಘಗಳ ಸಭೆ ನಡೆಸುವುದು, ಕುಡಿಯುವ ನೀರಿನ ಯೋಜನೆಯ ವರದಿ ಬರೆಯುವುದು, ಹಣ ಕೊಡುವ ವಿದೇಶಿ ಸಂಸ್ಥೆಯವರು ಬಂದಾಗ ಅವರಿಗೆ ದುಭಾಷಿಯಾಗುವುದು ನನ್ನ ಕೆಲಸ.

ಕಳೆದ ಬೇಸಿಗೆಯ ಸಭೆಯೊಂದರಲ್ಲಿ ಹಿರಿಯ ಹೆಣ್ಣುಮಗಳೊಬ್ಬರು ಐದಾರು ನಿಮಿಷ ಮಾತನಾಡಿದರು. ನಳ ಇರುವುದು ಮೇಲಿನ ಓಣಿಯಲ್ಲಿ, ಅಲ್ಲಿಯವರ ಕೊಡಗಳೆಲ್ಲ ತುಂಬುವ ತನಕ ತಮ್ಮ ಓಣಿಯವರಿಗೆ ಪಾಳಿ ಬರುವುದಿಲ್ಲ, ಪಾಳಿ ಬರುವ ಹೊತ್ತಿಗೆ ಕರೆಂಟು ಹೋಗಿರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನಾನು ಅಷ್ಟನ್ನೂ ‘ಈ ಓಣಿಗೆ ನೀರಿನ ಕೊರತೆಯಿದೆ’ ಎಂಬ ಒಂದೇ ಇಂಗ್ಲಿಷ್ ವಾಕ್ಯಕ್ಕೆ ಇಳಿಸಿದೆ. ವರದಿಯಲ್ಲಿ ಅದೇ ಉಳಿಯಿತು, ಇನ್ನೊಂದು ಕೊಳವೆಬಾವಿಗೆ ಶಿಫಾರಸು ಹೋಯಿತು, ಅದನ್ನು ಕೊರೆದದ್ದೂ ಮೇಲಿನ ಓಣಿಯಲ್ಲಿಯೇ. ಆ ಒಂದು ವಾಕ್ಯದ ಹೊಣೆ ನನ್ನದು ಎಂಬುದು ಈಗಲೂ ನನ್ನನ್ನು ಕಾಡುತ್ತಿದೆ.

ಅಭಿವೃದ್ಧಿ ಅಧ್ಯಯನವನ್ನೂ ಅಂತರ್‌ಸಾಂಸ್ಕೃತಿಕ ಸಂವಹನವನ್ನೂ (ಬೇರೆ ಬೇರೆ ಸಂಸ್ಕೃತಿಗಳ ಜನ ಪರಸ್ಪರ ಅರ್ಥಮಾಡಿಕೊಳ್ಳುವ ಬಗೆ) ಒಟ್ಟಿಗೆ ಕಲಿಸುವ ಸ್ನಾತಕೋತ್ತರ ಕೋರ್ಸಿಗೆ ಸೇರಬೇಕೆಂದಿದ್ದೇನೆ. ಮನೆಯಲ್ಲಿ ಸಾಲ ಮಾಡುವ ಶಕ್ತಿಯಿಲ್ಲ. ವಿದೇಶಕ್ಕೆ ಪ್ರಯತ್ನಿಸಬೇಕೆ, ಇಲ್ಲಿಯೇ ಓದಬೇಕೆ? ಈ ಓದು ನನ್ನ ತೊಂದರೆಗೆ ನಿಜವಾಗಿಯೂ ಉತ್ತರ ಕೊಡುತ್ತದೆಯೆ?

ಉತ್ತರ 1 (ನೆದರ್‌ಲ್ಯಾಂಡ್ಸ್‌ನಲ್ಲಿ ಓದಿದವರು)

ನಾನು ಹೇಗ್ ನಗರದ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸ್ಟಡೀಸ್‌ನಲ್ಲಿ ಓದಿದೆ. 1952ರಲ್ಲಿ ಆರಂಭವಾದ ಈ ಸಂಸ್ಥೆಗೆ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ನಮ್ಮ ಗುಂಪಿನಲ್ಲಿದ್ದ ಆರು ಜನರಲ್ಲಿ ಯಾರೊಬ್ಬರಿಗೂ ಇಂಗ್ಲಿಷ್ ಮನೆಮಾತಾಗಿರಲಿಲ್ಲ. ಮೊದಲ ತಿಂಗಳು ನಾನು ಒಪ್ಪಿಗೆಯಿಲ್ಲದ ಕಡೆ ಸುಮ್ಮನಿರುತ್ತಿದ್ದೆ. ಗುಂಪಿನವರು ಅದನ್ನು ಒಪ್ಪಿಗೆ ಎಂದುಕೊಂಡು ಮುಂದೆ ಹೋಗುತ್ತಿದ್ದರು. ಯಾವ ಪಾಠಕ್ಕಿಂತಲೂ ಹೆಚ್ಚಾಗಿ ಆ ಒಂದು ತಿಂಗಳು ನನಗೆ ಕಲಿಸಿತು.

ಸಂವಹನದ ಪಾಠಗಳ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಎಡ್ವರ್ಡ್ ಹಾಲ್ 1950ರ ದಶಕದಲ್ಲಿ ಅಮೆರಿಕದ ರಾಜತಾಂತ್ರಿಕರಿಗೆ ತರಬೇತಿ ಕೊಡುತ್ತಿದ್ದ ಮಾನವಶಾಸ್ತ್ರಜ್ಞ. ಹೀಗಾಗಿ ಹೊರಗಿನಿಂದ ಬಂದವನು ಸ್ಥಳೀಯರೊಡನೆ ತನ್ನ ಕೆಲಸ ಸಾಧಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಅದರ ಬೇರಿನಲ್ಲೇ ಇದೆ. ಸ್ಥಳೀಯರ ಮಾತು ಮುಕ್ಕಾಗದೆ ಹೊರಗಿನವನಿಗೆ ತಲುಪುವುದು ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಅಲ್ಲಿ ಜಾಗ ಕಡಿಮೆ. ನಂತರ ಡಚ್ ವಿದ್ವಾಂಸ ಹಾಫ್‌ಸ್ಟೆಡ್ ಅವರು ಐಬಿಎಂ ಕಂಪನಿಯ ನೌಕರರ ಉತ್ತರಗಳಿಂದ ದೇಶದೇಶಗಳ ಸಂಸ್ಕೃತಿಗೆ ಕೆಲವು ಅಳತೆಗಳಲ್ಲಿ ಅಂಕ ಕೊಟ್ಟರು. ಆ ಕೋಷ್ಟಕದಲ್ಲಿ ಒಂದೊಂದು ಅಳತೆಗೂ ಇಡೀ ಭಾರತಕ್ಕೆ ಒಂದೇ ಅಂಕ. ನಿಮ್ಮ ಮೇಲಿನ ಓಣಿ, ಕೆಳಗಿನ ಓಣಿ ಎರಡೂ ಅದರೊಳಗೆ ಒಂದಾಗಿಬಿಡುತ್ತವೆ. ಆದ್ದರಿಂದ ಸೇರುವ ಮುನ್ನ ಪಠ್ಯಕ್ರಮ ತರಿಸಿಕೊಂಡು, ಜಾತಿ, ಲಿಂಗ, ಅಧಿಕಾರಗಳ ಚರ್ಚೆ ಅದರಲ್ಲಿದೆಯೆ, ಕ್ಷೇತ್ರಕಾರ್ಯ ಎಷ್ಟು ವಾರ ಎಂಬುದನ್ನು ನೋಡಿ.

ಹಣದ ವಿಷಯಕ್ಕೆ ಬಂದರೆ, ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ಅಲ್ಲಿನ ಒಂದು ವರ್ಷದ ಓದಿನ ಖರ್ಚನ್ನು ಭರಿಸುತ್ತದೆ. ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿನ ನಂತರ ಸ್ವದೇಶಕ್ಕೆ ಮರಳಿ ಕನಿಷ್ಠ ಎರಡು ವರ್ಷ ಇರಬೇಕು. ನೀವು ಹೇಗೂ ಮರಳುವವರಾದ್ದರಿಂದ ಈ ಷರತ್ತು ನಿಮಗೆ ಭಾರವಾಗಲಾರದು.

ಉತ್ತರ 2 (ಬೆಂಗಳೂರಿನಿಂದ)

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಮೊದಲು ಹೊರಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಬ್ರಿಟನ್ನಿನ ಸಸೆಕ್ಸ್‌ನಲ್ಲಿ 1966ರಲ್ಲಿ ಸ್ಥಾಪನೆಯಾದ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ರಾಬರ್ಟ್ ಚೇಂಬರ್ಸ್ ಅವರ ಹೆಸರಿನೊಂದಿಗೆ ಜಗತ್ತು ಗುರುತಿಸುವ ಪಿಆರ್‌ಎ, ಅಂದರೆ ಊರಿನವರೇ ತಮ್ಮ ಊರನ್ನು ನೆಲದ ಮೇಲೆ ಬರೆದು ವಿವರಿಸುವ ಸಹಭಾಗಿತ್ವದ ವಿಧಾನ, ಬೆಳೆದದ್ದು ಬಹುಪಾಲು ಭಾರತದ ಹಳ್ಳಿಗಳಲ್ಲಿ. 1990ರ ಆಸುಪಾಸಿನಲ್ಲಿ ಅದನ್ನು ಹಳ್ಳಿಹಳ್ಳಿಗೆ ಒಯ್ದವರಲ್ಲಿ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಮೈರಾಡ ಮುಂಚೂಣಿಯಲ್ಲಿತ್ತು. ಕೆಳಗಿನ ಓಣಿಯ ಹೆಂಗಸರು ರಂಗೋಲಿ ಪುಡಿಯಲ್ಲಿ ತಮ್ಮ ಮನೆ, ನಳ, ಸರದಿಯ ಸಾಲನ್ನು ಬರೆದು ತೋರಿಸಿದ್ದರೆ ‘ಕೊರತೆ’ ಎಂಬ ಪದಕ್ಕೆ ಅಲ್ಲಿ ಆಸ್ಪದವೇ ಇರುತ್ತಿರಲಿಲ್ಲ. ಪದವಿಗಾಗಿ ಕಾಯದೆ ಇದನ್ನು ಮುಂದಿನ ಸಭೆಯಲ್ಲಿಯೇ ಮಾಡಿ.

ಓದಿಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಅಭಿವೃದ್ಧಿ ಎಂ.ಎ. ಇದೆ, ಅಗತ್ಯವಿರುವವರಿಗೆ ಶುಲ್ಕದಲ್ಲಿ ನೆರವನ್ನೂ ಕೊಡುತ್ತಾರೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯನ್ನೂ ಪರಿಶೀಲಿಸಿ. ಒಂದು ವರ್ಷದ ವಿದೇಶಿ ಕೋರ್ಸಿನಲ್ಲಿ ಚಳಿಗೆ ಒಗ್ಗುವಷ್ಟರಲ್ಲಿ ಪ್ರಬಂಧದ ಗಡುವು ಬಂದಿರುತ್ತದೆ. ಎರಡು ವರ್ಷ ಇದ್ದರೆ ಹಳ್ಳಿಗೆ ಹೋಗಿ, ಬಂದು, ಯೋಚಿಸಿ, ಮತ್ತೆ ಹೋಗಲು ಸಾಧ್ಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಚೀವ್ನಿಂಗ್‌ಗೂ ಬೆಂಗಳೂರಿಗೂ ಎರಡಕ್ಕೂ ಅರ್ಜಿ ಹಾಕುತ್ತೇನೆ. ಪ್ರಬಂಧಕ್ಕೆ ದುಭಾಷಿಗಳ ಕೆಲಸವನ್ನೇ ವಿಷಯವಾಗಿ ಆರಿಸಿಕೊಳ್ಳುವ ಆಸೆಯಿದೆ. ಸಭೆಗಳಲ್ಲಿ ಜನ ಆಡಿದ ಮಾತಿನ ಧ್ವನಿಮುದ್ರಣವನ್ನು ನೇರವಾಗಿ ಇಂಗ್ಲಿಷಿಗೆ ಇಳಿಸಿಕೊಂಡರೆ ಸಾಕೆ? ಸಮಯದ ದೃಷ್ಟಿಯಿಂದ ಕೇಳುತ್ತಿದ್ದೇನೆ.

ಉತ್ತರ 1 (ನೆದರ್‌ಲ್ಯಾಂಡ್ಸ್‌ನಲ್ಲಿ ಓದಿದವರು)

ಸಾಲದು. ಮೊದಲು ಅವರು ಆಡಿದ ರಾಯಚೂರಿನ ಮಾತಿನಲ್ಲಿಯೇ, ತಡವರಿಕೆ ಮತ್ತು ಮೌನಗಳ ಸಮೇತ ಬರೆದುಕೊಳ್ಳಿ. ಒಂದು ಗಂಟೆಯ ಮಾತಿಗೆ ಒಂದು ದಿನ ಹಿಡಿದರೂ ಸರಿ. ಅನುವಾದ ಅದರ ಪಕ್ಕದ ಅಂಕಣದಲ್ಲಿರಲಿ. ‘ಪಾಳಿ’ಯಂತಹ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿ, ಆ ನಳದ ಮುಂದೆ ಯಾರ ಪಾಳಿ ಯಾರ ನಂತರ ಬರುತ್ತದೆ ಎಂಬುದನ್ನು ಅಡಿಯಲ್ಲಿ ವಿವರಿಸಿ. ಮಾತನಾಡಿದವರಿಗೆ ಅದನ್ನು ಓದಿ ಹೇಳಿ, ಸರಿಯೆ ಎಂದು ಕೇಳಿದ ಮೇಲೆಯೇ ಇಂಗ್ಲಿಷಿನ ಅಂಕಣವನ್ನು ಅಂತಿಮಗೊಳಿಸಿ.