ಬೇಸಿಗೆಯಿಡೀ ಕಾರ್ಡ್ ಪಂದ್ಯಗಳಿಗೆ ಊರೂರು ಅಲೆದವರು ಯಾರಾದರೂ ಇದ್ದೀರಾ?

ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೆಳೆಯರಿಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟ ಆಡಲು ಕಲಿತೆ. ಇಲ್ಲಿಗೆ ಬಂದ ಮೇಲೆ ಶುಕ್ರವಾರ ಸಂಜೆ ಅಂಗಡಿಯೊಂದರಲ್ಲಿ ತಪ್ಪದೆ ಆಡುತ್ತೇನೆ. ಈ ಸಲ ಬೇಸಿಗೆ ರಜೆಯಲ್ಲಿ ಆರೇಳು ಊರುಗಳ ಪಂದ್ಯಗಳಿಗೆ ಹೋಗಿಬರಬೇಕೆಂಬ ಆಸೆ ಹತ್ತಿದೆ. ಕೈಯಲ್ಲಿ ಇರುವುದು 600 ಯೂರೋ. ಯಾವ ಡೆಕ್ (ಆಡಲು ನಾವೇ ಆರಿಸಿ ಜೋಡಿಸಿದ ಕಾರ್ಡ್‌ಗಳ ಕಟ್ಟು) ಒಯ್ಯಬೇಕು, ಎಷ್ಟು ಊರು ಸಾಕು, ಸಸ್ಯಾಹಾರಿಯ ಊಟದ ಗತಿ ಏನು, ರಾತ್ರಿ ಎಲ್ಲಿ ತಂಗುವುದು? ಹೀಗೆ ಅಲೆದವರು ಒಂದೆರಡು ಮಾತು ಹೇಳಿದರೆ ಉಪಕಾರವಾಗುತ್ತದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಕಾರ್ಡ್ಸ್ ಎಂದರೆ ಅಪ್ಪನಿಗೆ ಇಸ್ಪೀಟೇ.

ಡಾರ್ಮ್‌ಸ್ಟಾಟ್‌ನಲ್ಲಿ ಓದಿ, ಈಗ ಲೈಪ್‌ಜಿಗ್‌ನಲ್ಲಿ ಇರುವವರು:

2022ರ ಬೇಸಿಗೆಯಲ್ಲಿ ನಾನು ಮಾಡಿದ್ದು ಇದನ್ನೇ. ಆ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಜರ್ಮನಿಯಲ್ಲಿ ಒಂಬತ್ತು ಯೂರೋ ಟಿಕೆಟ್ ಇತ್ತು. ತಿಂಗಳಿಗೆ 9 ಯೂರೋ ಕೊಟ್ಟರೆ ದೇಶದ ಯಾವ ಮೂಲೆಗಾದರೂ ಹೋಗಬಹುದು, ವೇಗದ ರೈಲುಗಳನ್ನು ಮಾತ್ರ ಹತ್ತುವಂತಿಲ್ಲ. ಮೂರು ತಿಂಗಳಿಗೆ 27 ಯೂರೋ! ಒಟ್ಟು ಸುಮಾರು 5.2 ಕೋಟಿ ಟಿಕೆಟ್ ಮಾರಾಟವಾಯಿತು. ಅವುಗಳಲ್ಲಿ ಅರ್ಧ ಕೊಂಡವರು ನಾನು ಹತ್ತಿದ ಬೋಗಿಯಲ್ಲೇ ಇದ್ದರು ಎಂಬುದು ನನ್ನ ದೃಢ ನಂಬಿಕೆ. ಕೋವಿಡ್ ನಂತರದ ಹೊಸ ಪಂದ್ಯವ್ಯವಸ್ಥೆ ಶುರುವಾದದ್ದೂ ಅದೇ ಜುಲೈಯಲ್ಲಿ. ಅಂಗಡಿಯಲ್ಲಿ ನಡೆಯುವ ಅರ್ಹತಾ ಪಂದ್ಯ ಗೆದ್ದರೆ ಪ್ರಾದೇಶಿಕ ಚಾಂಪಿಯನ್‌ಷಿಪ್, ಅಲ್ಲಿ ಮೇಲೆ ಬಂದರೆ ಪ್ರೊ ಟೂರ್ ಎಂಬ ಮೇಲ್ಮಟ್ಟದ ಪಂದ್ಯ. ಅಗ್ಗದ ರೈಲು, ವಾರಕ್ಕೊಂದು ಊರಿನಲ್ಲಿ ಪಂದ್ಯ. ಇಪ್ಪತ್ನಾಲ್ಕು ವರ್ಷದವನಿಗೆ ತಲೆ ತಿರುಗಲು ಇನ್ನೇನು ಬೇಕು?

ಈಗ ಆ ಭಾಗ್ಯವಿಲ್ಲ. ಅದರ ಜಾಗಕ್ಕೆ ಬಂದ ಡಾಯ್ಚ್‌ಲಾಂಡ್ ಟಿಕೆಟ್ 2023ರಲ್ಲಿ 49 ಯೂರೋಗೆ ಶುರುವಾಗಿ 2025ರಲ್ಲಿ 58ಕ್ಕೆ ಏರಿತು. ಆದರೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದೊಳಗೇ ಅದು ರಿಯಾಯಿತಿ ದರದಲ್ಲಿ ಸೇರಿರುತ್ತದೆ. ನಿಮ್ಮಲ್ಲಿ ಹೇಗೆಂದು ಮೊದಲು ನೋಡಿ. ಇದ್ದರೆ ಪ್ರಯಾಣದ ಚಿಂತೆ ಅಲ್ಲಿಗೆ ಮುಗಿಯಿತು.

ನನ್ನ ಕೈ ಸುಟ್ಟದ್ದು ರೈಲಿನಿಂದಲ್ಲ, ಡೆಕ್‌ನಿಂದ. ಆ ಸಲದ ಪಂದ್ಯಗಳಲ್ಲಿ ಪಯೋನಿಯರ್ ಮಾದರಿ ಮುಖ್ಯವಾಗಿತ್ತು, ಅಂದರೆ 2012ರಿಂದ ಈಚೆಗೆ ಬಂದ ಸಂಚಿಕೆಗಳ ಕಾರ್ಡ್‌ಗಳು. ಅದರಲ್ಲಿ ವಿನೋಟಾ ಎಂಬ ಕಾರ್ಡ್‌ನ ಸುತ್ತ ಕಟ್ಟಿದ ಡೆಕ್ ಎಲ್ಲರನ್ನೂ ಬಡಿಯುತ್ತಿತ್ತು. ಮೇ ತಿಂಗಳಿಡೀ ಕಾರ್ಡ್‌ಮಾರ್ಕೆಟ್ ಎಂಬ ಜಾಲತಾಣದಲ್ಲಿ ಹುಡುಕಿ, ಒಂದು ಕಡೆಯಿಂದ ಎರಡು, ಇನ್ನೊಂದು ಕಡೆಯಿಂದ ಮೂರು ಎಂದು ತರಿಸಿ, ಕೊನೆಯ ಲಕೋಟೆ ಬಂದದ್ದು ಜೂನ್ ಮೊದಲ ವಾರ. ಜೂನ್ 7ರಂದು ನಿಷೇಧದ ಪಟ್ಟಿ ಪ್ರಕಟವಾಯಿತು. ವಿನೋಟಾ ನಿಷಿದ್ಧ. ಡೆಕ್‌ನ ಅರವತ್ತರಲ್ಲಿ ನಾಲ್ಕು ವಿನೋಟಾ ಹೋಗಿ ಉಳಿದ ಐವತ್ತಾರು ಕಾರ್ಡ್‌ಗಳು ಮದುಮಗನಿಲ್ಲದ ದಿಬ್ಬಣದ ಹಾಗೆ ಮೇಜಿನ ಮೇಲೆ ಕುಳಿತಿದ್ದವು. ಇನ್ನೂರಕ್ಕೂ ಹೆಚ್ಚು ಯೂರೋ ನೀರಿಗೆ ಹೋಯಿತು.

ಆಮೇಲೆ ನನ್ನನ್ನು ಉಳಿಸಿದ್ದು ಎರವಲು. ಅಂಗಡಿಯಲ್ಲಿ ಪರಿಚಯವಾದ ಒಬ್ಬರು ತಮ್ಮ ಮೋನೋ ರೆಡ್ ಡೆಕ್ ಅನ್ನೇ ಬೇಸಿಗೆಗೆಂದು ಕೊಟ್ಟರು. ಬರೀ ಕೆಂಪು, ಬರೀ ಬೆಂಕಿ. ಮೊದಲನೇ ಸರದಿಯಲ್ಲೇ ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ ಇಳಿಸಿ ಹೊಡೆಯುತ್ತಾ ಹೋಗುವುದು. ಅದನ್ನು ನಾನು ಕೀಳಾಗಿ ಕಾಣುತ್ತಿದ್ದೆ. ಎಂಟು ಪಂದ್ಯಗಳಲ್ಲಿ ಅದೊಂದನ್ನೇ ಆಡಿದ ಮೇಲೆ, ಕೈಗೆ ಬಂದ ಏಳು ಕಾರ್ಡ್ ನೋಡಿದ ತಕ್ಷಣ ಇಟ್ಟುಕೊಳ್ಳಬೇಕೋ ಮಲ್ಲಿಗನ್ ಮಾಡಬೇಕೋ (ವಾಪಸ್ ಹಾಕಿ ಹೊಸದಾಗಿ ಎಳೆಯಬೇಕೋ) ಎಂದು ಬೆರಳಿಗೇ ಗೊತ್ತಾಗುತ್ತಿತ್ತು. ಒಂದು ಸಲ ಮೊದಲ ಎಂಟರೊಳಗೆ ಬಂದೆ. ಗೆಲ್ಲಲಿಲ್ಲ. ನಿಮಗೆ ಹೇಳುವುದೂ ಇದನ್ನೇ: ಹೊಸ ಡೆಕ್ ಕೊಳ್ಳಬೇಡಿ. ಈಗಾಗಲೇ ನಿದ್ದೆಗಣ್ಣಿನಲ್ಲೂ ಆಡಬಲ್ಲ ಡೆಕ್ ಯಾವುದೋ ಅದನ್ನೇ ಒಯ್ಯಿರಿ. ಅದು ಇಲ್ಲಿ ಸಲ್ಲದಿದ್ದರೆ ಸಾಲ ಕೇಳಿ. ಕೊಡುವವರು ಇದ್ದಾರೆ, ನಾವೇ ಸಂಕೋಚದ ಜನ.

ಸಮಯದ ಲೆಕ್ಕ. ಒಂದು ಸುತ್ತಿಗೆ 50 ನಿಮಿಷ, ಮೂರರಲ್ಲಿ ಎರಡು ಆಟ ಗೆಲ್ಲಬೇಕು. ನಲವತ್ತು ಜನ ಸೇರಿದರೆ ಸ್ವಿಸ್ ಪದ್ಧತಿಯ (ಸೋತರೂ ಹೊರಬೀಳದ) ಆರು ಸುತ್ತು, ಅದರ ಮೇಲೆ ಮೊದಲ ಎಂಟು ಜನರ ನಾಕೌಟ್. ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದದ್ದು ರಾತ್ರಿ ಒಂಬತ್ತಕ್ಕೆ ಮುಗಿದರೆ ಪುಣ್ಯ. ಭಾನುವಾರ ರಾತ್ರಿ ಸಾದಾ ರೈಲಿನಲ್ಲಿ ಎರಡು ಕಡೆ ಬದಲಿಸಿ ಮನೆ ಸೇರುವುದೆಂದರೆ ಸುಮ್ಮನೆ ಅಲ್ಲ.

ಕಾಸೆಲ್‌ನಲ್ಲಿ ಆದದ್ದನ್ನು ಹೇಳುತ್ತೇನೆ. ಆರನೇ ಸುತ್ತು. ಎದುರಿಗೆ ಬಿಳಿಗಡ್ಡದ ಹಿರಿಯರು, ಮೋನೋ ಗ್ರೀನ್ ಡೆಕ್. ನಿಕ್ಥೋಸ್ ಎಂಬ ಲ್ಯಾಂಡ್ ಕಾರ್ಡ್ ಓರೆ ಮಾಡಿ ಎಷ್ಟು ಮಾನಾ (ಕಾರ್ಡ್ ಆಡಲು ಬೇಕಾದ ಶಕ್ತಿ) ಬಂತೆಂದು ದಾಳವನ್ನು ತಿರುಗಿಸಿ ತಿರುಗಿಸಿ ಎಣಿಸುತ್ತಿದ್ದಾರೆ. ಗೋಡೆ ಗಡಿಯಾರ ನೋಡಿದೆ. ಫ್ರಾಂಕ್‌ಫರ್ಟ್ ಕಡೆಗಿನ ನನ್ನ ಕೊನೆಯ ರೈಲಿಗೆ ಇಪ್ಪತ್ತು ನಿಮಿಷ. ಬಾಯಿಂದ ತಾನಾಗಿ ‘ಮೈನ್ ತ್ಸೂಗ್!’ ಎಂದು ಬಂದುಬಿಟ್ಟಿತು. ಅವರು ಕಾರ್ಡ್ ಕೆಳಗಿಟ್ಟು, ಬಹಳ ಸೌಜನ್ಯದಿಂದ, ‘ನೈನ್, ಮೈನ್ ತ್ಸೂಗ್’ ಎಂದರು. ಜರ್ಮನ್‌ನಲ್ಲಿ ತ್ಸೂಗ್ ಎಂದರೆ ರೈಲೂ ಹೌದು, ಆಟದ ಸರದಿಯೂ ಹೌದು. ನಾನು ಗಡಿಯಾರ ತೋರಿಸಿ ಮತ್ತೆ ಅದನ್ನೇ ಅಂದೆ, ಅವರು ತಮ್ಮ ಲ್ಯಾಂಡ್‌ಗಳನ್ನು ತೋರಿಸಿ ಮತ್ತೆ ಅದನ್ನೇ ಅಂದರು. ಜಗಳವೆಂದುಕೊಂಡು ಜಡ್ಜ್ ಬಂದರು. ವಿಷಯ ತಿಳಿದ ಮೇಲೆ ಅಕ್ಕಪಕ್ಕದ ಮೇಜಿನವರೂ ನಕ್ಕರು. ಇಬ್ಬರಿಗೂ ಮೇಲೆ ಹೋಗುವ ಅವಕಾಶ ಆಗಲೇ ತಪ್ಪಿತ್ತಾದ್ದರಿಂದ ಡ್ರಾ ಮಾಡಿಕೊಂಡು ಒಂದೊಂದು ಅಂಕ ಹಂಚಿಕೊಂಡೆವು. ಆ ಹಿರಿಯರು ತಮ್ಮ ಕಾರಿನಲ್ಲೇ ವಿಲ್ಹೆಲ್ಮ್ಸ್‌ಹೋಹೆ ನಿಲ್ದಾಣಕ್ಕೆ ಬಿಟ್ಟರು. ರೈಲು ಮೂವತ್ತೈದು ನಿಮಿಷ ತಡವಾಗಿ ಬಂತು, ಅದು ಬೇರೆ ಮಾತು.

ಅಂದಹಾಗೆ, ಎದುರಾಳಿಯ ಕಾರ್ಡ್‌ಗಳು ಎಷ್ಟೋ ಸಲ ಜರ್ಮನ್‌ನಲ್ಲಿರುತ್ತವೆ. ಚಿತ್ರ ನೋಡಿ ಗುರುತಿಸುವುದು ಅಭ್ಯಾಸವಾಗಬೇಕು. ಗೊತ್ತಿಲ್ಲದ್ದನ್ನು ಜಡ್ಜ್ ಬಳಿ ಕೇಳಿದರೆ ಅಧಿಕೃತ ಪಠ್ಯ ತೋರಿಸುತ್ತಾರೆ. ವಾಲ್ಡ್ ಎಂದರೆ ಕಾಡು, ಜುಂಪ್ಫ್ ಎಂದರೆ ಜೌಗು, ಬಳಸಿದ ಕಾರ್ಡ್ ಹೋಗಿ ಬೀಳುವ ಜಾಗ ಫ್ರೀಡ್‌ಹೋಫ್, ಅಂದರೆ ಸ್ಮಶಾನ. ಭಾಷಾ ತರಗತಿಯಲ್ಲಿ ನಾನು ಸ್ಮಶಾನ ಎಂಬ ಪದವನ್ನು ಎಲ್ಲರಿಗಿಂತ ಮೊದಲು ಹೇಳಿದಾಗ ಮೇಡಂ ಗಾಬರಿಯಾಗಿದ್ದರು.

ಖರ್ಚು ಕೇಳಿದ್ದೀರಿ. ವಿನೋಟಾ ದುಃಖವನ್ನು ಬಿಟ್ಟರೆ: ರೈಲು 27, ಎಂಟು ಪಂದ್ಯಗಳ ಪ್ರವೇಶಕ್ಕೆ ಇನ್ನೂರರ ಆಸುಪಾಸು, ಎರಡು ರಾತ್ರಿ ಹಾಸ್ಟೆಲ್‌ಗೆ ಎಪ್ಪತ್ತು. ಬಹುಮಾನವಾಗಿ ಬಂದ, ಒಳಗೆ ಯಾವ ಕಾರ್ಡ್ ಇದೆಯೆಂದು ಗೊತ್ತಾಗದ ಬೂಸ್ಟರ್ ಪೊಟ್ಟಣಗಳನ್ನು ಬಿಚ್ಚದೆ ಮಾರಿ ಐವತ್ತು ವಾಪಸ್ ಪಡೆದೆ. ನೀವು ಬಿಚ್ಚುತ್ತೀರಿ, ನನಗೆ ಗೊತ್ತು. ಎಲ್ಲರೂ ಬಿಚ್ಚುತ್ತಾರೆ. ಮ್ಯಾನ್‌ಹೈಮ್ ನಿಲ್ದಾಣದಲ್ಲಿ ಒಂದು ರಾತ್ರಿ ಡೆಕ್ ಇದ್ದ ಚೀಲವನ್ನು ತಲೆಯಡಿ ಇಟ್ಟುಕೊಂಡು ಬೆಂಚಿನ ಮೇಲೆ ಕಳೆದೆ. ಅದನ್ನು ಮಾತ್ರ ಮಾಡಬೇಡಿ. ಮರುದಿನದ ಆಟದಲ್ಲಿ ಕಣ್ಣು ಬಿಟ್ಟುಕೊಂಡೇ ಎರಡು ಸುತ್ತು ಸೋತೆ.

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ:

ನಾನು ಹೆಚ್ಚು ಅಲೆದವಳಲ್ಲ, 2024ರ ಜೂನ್ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮ್ಯಾಜಿಕ್‌ಕಾನ್‌ಗೆ ಮೂರೂ ದಿನ ಹೋಗಿದ್ದೆ. ಅಂಗಡಿ ಪಂದ್ಯಗಳು ಆರು ಮಾಡುವ ಬದಲು ನಾಲ್ಕು ಮಾಡಿ, ಇಂಥ ಒಂದು ದೊಡ್ಡ ಜಾತ್ರೆಗೆ ಹೋಗಿ ಎನ್ನುತ್ತೇನೆ. ಪಕ್ಕದಲ್ಲೇ ಪ್ರೊ ಟೂರ್ ನಡೆಯುತ್ತಿತ್ತು, ಡೆನ್ಮಾರ್ಕಿನ ಸೈಮನ್ ನೀಲ್ಸನ್ ಗೆದ್ದರು. ಜೊತೆಗೆ ದಿನವಿಡೀ ಸಣ್ಣ ಪಂದ್ಯಗಳು. ಡೆಕ್ ಕೊಳ್ಳಲಾಗದವರಿಗೆ ಸೀಲ್ಡ್ ಪಂದ್ಯ ವರದಾನ. ಆರು ಬೂಸ್ಟರ್ ಕೊಡುತ್ತಾರೆ, ಅಲ್ಲೇ ಕುಳಿತು 40 ಕಾರ್ಡ್‌ನ ಡೆಕ್ ಕಟ್ಟಬೇಕು. ಲಕ್ಷಾಧೀಶನಿಗೂ ಅದೇ ಆರು, ನಮಗೂ ಅದೇ ಆರು.

ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಷೆಂಗೆನ್ ದೇಶಗಳಿಗೆ ಬೇರೆ ವೀಸಾ ಬೇಡ, 180 ದಿನಗಳಲ್ಲಿ 90 ದಿನದವರೆಗೆ ಓಡಾಡಬಹುದು. ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಲಂಡನ್ ಕಡೆ ಯಾರಾದರೂ ಕರೆದರೆ ನಮ್ಮ ಪಾಸ್‌ಪೋರ್ಟ್‌ಗೆ ಅಲ್ಲಿನ ವೀಸಾ ಬೇಕೇ ಬೇಕು. ಆ ಶುಲ್ಕದಲ್ಲಿ ಹಲವು ಪಂದ್ಯ ಆಡಬಹುದು.

ಊಟ: ಅವಲಕ್ಕಿ. ಒಗ್ಗರಣೆ ಹಾಕಿ ಹುರಿದ ತೆಳು ಅವಲಕ್ಕಿ ಎರಡು ದಿನ ಕೆಡುವುದಿಲ್ಲ, ಒಂದು ಚಮಚ ಇದ್ದರೆ ಸಾಕು, ಕೈಗೆ ಎಣ್ಣೆ ಅಂಟಿ ಕಾರ್ಡ್‌ಗೆ ಹಾಕಿದ ಪ್ಲಾಸ್ಟಿಕ್ ಸ್ಲೀವ್ ಹಾಳಾಗುವುದಿಲ್ಲ. ಭಾನುವಾರ ಜರ್ಮನಿಯಲ್ಲಿ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ, ನಿಲ್ದಾಣದ ಅಂಗಡಿಗಳಷ್ಟೇ ಗತಿ, ಅಲ್ಲಿ ಬೆಣ್ಣೆ ಸವರಿದ ಬ್ರೆಟ್ಸೆಲ್ ಬಿಟ್ಟರೆ ನಮಗೇನೂ ಸಿಗದು. ಹೊರಗೆ ಎಷ್ಟೇ ಬಿಸಿಲಿದ್ದರೂ ದೊಡ್ಡ ಸಭಾಂಗಣದೊಳಗೆ ಕೊರೆಯುತ್ತದೆ. ಸ್ವೆಟರ್ ಒಯ್ಯಿರಿ.

ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ: ಸಾಲಿನಲ್ಲಿ ನಾವು ಬೆರಳೆಣಿಕೆಯಷ್ಟೇ ಇರುತ್ತೇವೆ, ಅದು ನಿಜ. ‘ಯಾರ ಜೊತೆ ಬಂದಿದ್ದೀರಿ?’ ಎಂದು ನನ್ನನ್ನು ಕೇಳಿದ ಮಹಾಶಯ ಎರಡನೇ ಸುತ್ತಿನಲ್ಲಿ ನನಗೇ ಸಿಕ್ಕಿದ. ಹತ್ತೊಂಬತ್ತು ನಿಮಿಷದಲ್ಲಿ ಮುಗಿಸಿದೆ.

ಮ್ಯೂನಿಕ್‌ನಲ್ಲಿ ಆಗಾಗ ಜಡ್ಜ್ ಆಗಿ ಕೆಲಸ ಮಾಡುವವರು:

ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮುಂದೆ ಬರುವ ತಪ್ಪುಗಳು ಮೂರೇ ಮೂರು.

ಡೆಕ್ ಪಟ್ಟಿ, ಅಂದರೆ ನಿಮ್ಮ ಡೆಕ್‌ನಲ್ಲಿರುವ ಕಾರ್ಡ್‌ಗಳನ್ನು ಬರೆದುಕೊಡುವ ಪಟ್ಟಿ. ರೈಲಿನಲ್ಲಿ ಕುಳಿತು ಅವಸರದಲ್ಲಿ ಬರೆದವರ ಪಟ್ಟಿಯಲ್ಲಿ 60ರ ಬದಲು 59 ಇರುತ್ತದೆ, ಬಹುತೇಕ ಒಂದು ಲ್ಯಾಂಡ್ ಮರೆತಿರುತ್ತಾರೆ. ಅದಕ್ಕೆ ಒಂದು ಆಟವನ್ನೇ ಕಳೆದುಕೊಳ್ಳಬೇಕಾಗಬಹುದು. ಆಟಗಳ ನಡುವೆ ಬದಲಿಸಿಕೊಳ್ಳಲು ಇಟ್ಟುಕೊಳ್ಳುವ ಸೈಡ್‌ಬೋರ್ಡ್‌ನ 15 ಅನ್ನೂ ಎಣಿಸಿ. ಹಿಂದಿನ ರಾತ್ರಿ ಮನೆಯಲ್ಲೇ ಬರೆದಿಡಿ.

ಸ್ಲೀವ್. ಮೂರು ವಾರ ಊರೂರು ತಿರುಗಿದ ಸ್ಲೀವ್‌ಗಳ ಮೂಲೆ ಸವೆದಿರುತ್ತದೆ. ಸವೆದದ್ದು ನಾಲ್ಕೂ ಒಂದೇ ಕಾರ್ಡ್‌ನವಾದರೆ ನಿಮ್ಮ ಮನಸ್ಸು ಎಷ್ಟೇ ಶುದ್ಧವಿದ್ದರೂ ಅದು ಗುರುತು ಹಾಕಿದ ಡೆಕ್. ಚಿಕ್ಕಂದಿನಲ್ಲಿ ಟ್ರಂಪ್ ಕಾರ್ಡ್‌ಗಳಿಗೆ ಹಾಕುತ್ತಿದ್ದಂತೆ ರಬ್ಬರ್ ಬ್ಯಾಂಡ್ ಸುತ್ತಿ ತರುವವರನ್ನು ಇಲ್ಲೂ ಕಂಡಿದ್ದೇನೆ, ಕನ್ನಡಿಗರೇ. ಬ್ಯಾಂಡ್ ಬಿದ್ದ ಅಂಚು ಬಾಗಿರುತ್ತದೆ. ನಡುನಡುವೆ ಹೊಸ ಸ್ಲೀವ್ ಹಾಕಿ.

ಮೂರನೆಯದು ಗೊತ್ತಿಲ್ಲದೆ ಮಾಡುವ ಪಾಪ. ‘ಸಮಯ ಮುಗಿಯಿತು, ದಾಳ ಉರುಳಿಸಿ ಗೆದ್ದವರು ಯಾರೆಂದು ನಿರ್ಧರಿಸೋಣವೇ?’ ಎಂದು ತಮಾಷೆಗೂ ಕೇಳಬೇಡಿ. ‘ಬಿಟ್ಟುಕೊಡು, ಬಹುಮಾನದಲ್ಲಿ ಪಾಲು ಕೊಡುತ್ತೇನೆ’ ಎಂದೂ ಹೇಳಬೇಡಿ. ಪಂದ್ಯದಿಂದಲೇ ಹೊರಹೋಗಬೇಕಾದೀತು. ಮೇಲೆ ಲೈಪ್‌ಜಿಗ್‌ನವರು ಕಾಸೆಲ್‌ನಲ್ಲಿ ಮಾಡಿಕೊಂಡ ಡ್ರಾ ಸರಿ, ಏಕೆಂದರೆ ಅದಕ್ಕೆ ಬದಲಾಗಿ ಏನನ್ನೂ ಕೊಡಲಿಲ್ಲ. ಕಾರಿನ ಮಾತು ಡ್ರಾ ಆದ ಮೇಲೆ ಬಂದಿರಬೇಕೆಂದು ಭಾವಿಸುತ್ತೇನೆ!

ಆಹೆನ್‌ನಿಂದ:

ಎಲ್ಲರೂ ಸಿಹಿ ಬಡಿಸಿದ್ದೀರಿ, ನಾನು ಹಾಗಲಕಾಯಿ ಬಡಿಸುತ್ತೇನೆ. ವಿದ್ಯಾರ್ಥಿಗೆ ಬೇಸಿಗೆ ಎಂದರೆ ದುಡಿಯುವ ಕಾಲ. ನಮಗೆ ವರ್ಷಕ್ಕೆ 140 ಪೂರ್ತಿ ದಿನ ದುಡಿಯಲು ಅನುಮತಿ ಇದೆ, ಶನಿವಾರ ಭಾನುವಾರದ ಪಾಳಿಗಳೇ ಸುಲಭವಾಗಿ ಸಿಗುವುದು, ಪಂದ್ಯಗಳು ಇರುವುದೂ ಅಂದೇ. ನಾನು ಖರ್ಚಿನ ಪಟ್ಟಿಯಲ್ಲಿ ರೈಲು, ಪ್ರವೇಶ, ಊಟ ಎಲ್ಲ ಬರೆದೆ. ಗೋದಾಮಿನ ಕೆಲಸ ಬಿಟ್ಟದ್ದರಿಂದ ಬಾರದೇ ಹೋದ ಸಂಬಳವನ್ನು ಮಾತ್ರ ಬರೆಯಲಿಲ್ಲ. ಅಕ್ಟೋಬರ್‌ನಲ್ಲಿ ಬಾಡಿಗೆಗೆ ಅಕ್ಕನ ಬಳಿ ಕೈಚಾಚಿದೆ. ಮುಂದೂಡಿದ ಪರೀಕ್ಷೆಯೊಂದು ಈಗಲೂ ಬಾಕಿ ಇದೆ. ಆಟವನ್ನು ದೂರುತ್ತಿಲ್ಲ, ಲೆಕ್ಕ ತಪ್ಪಿದ್ದು ನನ್ನದು. ಒಂದು ವಾರ ಪಂದ್ಯ, ಒಂದು ವಾರ ಪಾಳಿ ಎಂದು ಹಂಚಿಕೊಂಡಿದ್ದರೆ ಎರಡೂ ಆಗುತ್ತಿತ್ತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆ. ಏಳು ಊರು ನಾಲ್ಕಕ್ಕೆ ಇಳಿಯಿತು: ಡ್ರೆಸ್ಡೆನ್, ಲೈಪ್‌ಜಿಗ್, ನ್ಯೂರೆಂಬರ್ಗ್, ಕೊನೆಗೆ ಕೈಯಲ್ಲಿ ದುಡ್ಡು ಉಳಿದರೆ ಕಾಸೆಲ್. ಆಗಸ್ಟ್‌ನ ಎರಡು ವಾರಾಂತ್ಯ ಬೇಕರಿಯಲ್ಲಿ ಪಾಳಿಗೆ ಒಪ್ಪಿಕೊಂಡೆ. ಸೆಮಿಸ್ಟರ್ ಶುಲ್ಕದಲ್ಲಿ ಟಿಕೆಟ್ ಇದೆ, ನೋಡಿದೆ. ಅಪ್ಪನಿಗೂ ನಿನ್ನೆ ಫೋನ್‌ನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದುಡ್ಡು ಕಟ್ಟಿ ಆಡುವುದಲ್ಲ ತಾನೇ?’ ಎಂದರು. ಪ್ರವೇಶ ಶುಲ್ಕದ ಸಂಗತಿ ಇನ್ನೊಂದು ದಿನ ಹೇಳುತ್ತೇನೆ. ಇನ್ನು ಒಂದೇ ತೊಂದರೆ: ನನ್ನದು ಇತ್ತೀಚಿನ ಸಂಚಿಕೆಗಳ ಕಾರ್ಡ್‌ಗಳಷ್ಟೇ ಇರುವ ಸ್ಟ್ಯಾಂಡರ್ಡ್ ಡೆಕ್, ಎರಡು ಕಡೆ ಪಯೋನಿಯರ್ ಪಂದ್ಯವಂತೆ.

ಲೈಪ್‌ಜಿಗ್‌ನವರು:

ಆ ಮೋನೋ ರೆಡ್ ಅನ್ನು ಕೊನೆಗೆ ನಾನೇ ಕೊಂಡುಬಿಟ್ಟೆ, ಕಪಾಟಿನಲ್ಲಿದೆ. ಶನಿವಾರ ಬನ್ನಿ, ಕೆಮ್ನಿಟ್ಸ್‌ನಿಂದ ಒಂದು ಗಂಟೆಯ ದಾರಿ. ಒಂದು ಸ್ವಿಫ್ಟ್‌ಸ್ಪಿಯರ್‌ನ ಮೂಲೆ ಮಡಚಿಕೊಂಡಿದೆ, ಮ್ಯಾನ್‌ಹೈಮ್ ಬೆಂಚಿನ ಗುರುತು. ಹೊಸ ಸ್ಲೀವ್ ನೀವೇ ತನ್ನಿ, ಕಪ್ಪು ಬಣ್ಣದವು.