ಪಿಕಪ್ ಮೇಲಿನ ರೂಫ್ ಟೆಂಟ್: ರ‍್ಯಾಕ್ ಬಿರುಕು, ಗಾದಿ ಕೆಳಗೆ ನೀರು, ಮುಚ್ಚಳದ ಗ್ಯಾಸ್ ಶಾಕ್. ಎರಡನೇ ಮಾದರಿಯಲ್ಲಿ ಏನು ಬದಲಿಸಬೇಕು?

ಕೃಷ್ಣಾತೀರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಡಬಲ್ ಕ್ಯಾಬಿನ್ ಪಿಕಪ್‌ಗೆ ರೂಫ್ ಟೆಂಟಿನ (ಗಾಡಿಯ ಮೇಲೆ ಬಿಚ್ಚಿ ಮಲಗುವ ಡೇರೆ) ಎರಡನೇ ಮಾದರಿ ಕಟ್ಟಬೇಕಾಗಿದೆ. ಮೊದಲನೆಯದರ ಅಳತೆ ಪೂರ್ತಿ ಕೊಡುತ್ತೇನೆ, ತಪ್ಪು ಎಲ್ಲಿದೆ ಅಂತ ಗೊತ್ತಿರುವವರು ಬಿಡಿಸಿ ಹೇಳಿ.

ಹಿಂದಿನ ಬಾಡಿ ಉದ್ದ 1.45 ಮೀಟರ್. ಟೆಂಟು ಹೊರುವ ರ‍್ಯಾಕ್‌ಗೆ 40×40 ಚೌಕ ಪೈಪ್, 3 ಮಿ.ಮೀ. ದಪ್ಪದ್ದು, ಸುಮಾರು 22 ಮೀಟರ್ ಹಿಡಿದಿದೆ. ಪ್ಲೇಟು ಸೇರಿ 78 ಕೆಜಿ. ನಾಲ್ಕು ಕಾಲು ಬಾಡಿಯ ಮೇಲಂಚಿಗೆ ಬೋಲ್ಟ್ ಆಗಿವೆ, ಮುಂದಿನ ಅಡ್ಡಪಟ್ಟಿ ಕ್ಯಾಬಿನ್ ಮೇಲಿನ ಕ್ಯಾರಿಯರ್‌ಗೂ ಬಿಗಿದಿದೆ. ಟೆಂಟು ಗಟ್ಟಿ ಮುಚ್ಚಳದ್ದು, 2.1×1.25 ಮೀಟರ್, ತಳಕ್ಕೆ 12 ಮಿ.ಮೀ. ಪ್ಲೈವುಡ್, ಒಟ್ಟು 68 ಕೆಜಿ. ಅದರಲ್ಲಿ ಮುಚ್ಚಳವೇ 24 ಕೆಜಿ. ಮುಂದುಗಡೆ ಹಿಂಜ್, ಎರಡೂ ಬದಿಗೆ 400 ನ್ಯೂಟನ್ನಿನ ಒಂದೊಂದು ಗ್ಯಾಸ್ ಶಾಕ್ (ಮುಚ್ಚಳ ಎತ್ತಲು ನೆರವಾಗುವ, ಗ್ಯಾಸ್ ತುಂಬಿದ ಸರಳು).

ಬಾದಾಮಿ, ಆಲಮಟ್ಟಿ, ಚೋರ್ಲಾ ಘಾಟ್ ಅಂತ ಸುಮಾರು 4000 ಕಿ.ಮೀ. ಓಡಿದ ಮೇಲೆ ಕಂಡದ್ದು ಇಷ್ಟು. ಹಿಂದಿನ ಎರಡೂ ಕಾಲುಗಳು ಪಾದದ ಪ್ಲೇಟಿಗೆ ಸೇರುವಲ್ಲಿ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆ ಬಿರುಕು. ಖಾನಾಪುರ ಕಡೆ ತಂಗಿದರೆ ಬೆಳಗ್ಗೆ ಗಾದಿಯ ತಳ ಒದ್ದೆ. ಮುಚ್ಚಳ ಚಳಿಗಾಲದಲ್ಲಿ ಎತ್ತಲಾರದಷ್ಟು ಭಾರ, ವಿಜಯಪುರದ ಮೇ ತಿಂಗಳಲ್ಲಿ ತಾನೇ ಹಾರಿ ನಿಲ್ಲುತ್ತದೆ. ತಿರುವುಗಳಲ್ಲಿ ಗಾಡಿ ವಾಲುವುದಂತೂ ಮೊದಲಿನಿಂದ ಇದೆ.

ಪೈಪನ್ನು 4 ಮಿ.ಮೀ.ಗೆ ಏರಿಸೋಣವೇ? ಶಾಕ್ 500 ನ್ಯೂಟನ್ ಹಾಕೋಣವೇ?

---

ಉದ್ಯಮಬಾಗ್ ವೆಲ್ಡರ್, ಬೆಳಗಾವಿ

ಸರ, ಪೈಪ್ ದಪ್ಪ ಮಾಡಬ್ಯಾಡ್ರಿ. ದಪ್ಪ ಮಾಡಿದಷ್ಟೂ ಬಿರುಕು ಲಗೂನ ಬರ್ತೈತಿ. ನಿಮ್ಮ ರೋಗ ಪೈಪಿನಾಗ ಇಲ್ಲ, ಕ್ಯಾಬಿನ್ನಿಗೆ ಹಾಕಿದ ಆ ಮುಂದಿನ ಬೋಲ್ಟಿನಾಗ ಐತಿ.

ಪಿಕಪ್ಪಿನಾಗ ಕ್ಯಾಬಿನ್ ಬ್ಯಾರೆ, ಹಿಂದಿನ ಬಾಡಿ ಬ್ಯಾರೆ. ಎರಡೂ ಒಂದ ಚಾಸಿ ಮ್ಯಾಲೆ ಕುಂತಿದ್ರೂ ಕ್ಯಾಬಿನ್ ರಬ್ಬರ್ ಬುಷ್ ಮ್ಯಾಲೆ ಇರ್ತೈತಿ. ತಗ್ಗಿಗೆ ಒಂದು ಗಾಲಿ ಇಳೀತಂದ್ರ ಚಾಸಿ ತಿರುಚತೈತಿ, ಕ್ಯಾಬಿನ್ ಒಂದು ಕಡೆ ವಾಲತೈತಿ, ಬಾಡಿ ಇನ್ನೊಂದು ಕಡೆ. ನಡುವ ನಿಮ್ಮ ರ‍್ಯಾಕ್ ಎರಡನ್ನೂ ಹಿಡದು ನಿಲ್ಲಾಕ ನೋಡತೈತಿ. ಕಣ್ಣಾರೆ ನೋಡಬೇಕಂದ್ರ ಹಿಂಗ ಮಾಡ್ರಿ: ಮುಂದಿನ ಬೋಲ್ಟ್ ಬಿಚ್ಚಿ, ಸಪಾಟ ಜಾಗಾದಾಗ ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದು ಎಡಕ್ಕ ಬಲಕ್ಕ ಎರಡೂ ಕಡೆ ಮ್ಯಾಲಿನ ತುದಿಗೆ ಅಳದು ಬರಕೊಳ್ರಿ. ಆಮ್ಯಾಲೆ ಹಿಂದಿನ ಒಂದು ಗಾಲಿ 20 ಸೆಂ.ಮೀ. ದಿಮ್ಮಿ ಮ್ಯಾಲೆ ಹತ್ತಿಸಿ, ಉಳದ ಗಾಲಿಗೆ ಒಟ್ಟು ಕೊಟ್ಟು, ಮತ್ತ ಅಳೀರಿ. ಸಂದಿನಾಗ ಬಂದ ಫರಕ್ಕೇ ನಿಮ್ಮ ವೆಲ್ಡಿಂಗ್ ಪ್ರತಿ ತಗ್ಗಿಗೂ ನುಂಗಿದ್ದು. ಪೈಪ್ ಗಟ್ಟಿ ಇದ್ದಷ್ಟೂ ಅದು ಬಾಗಂಗಿಲ್ಲ, ಎಲ್ಲಾ ಒತ್ತಡ ಪಾದದ ವೆಲ್ಡಿಂಗಿಗೇ ಹೋಗತೈತಿ.

ಅದಕ್ಕ ರ‍್ಯಾಕನ್ನ ಬಾಡಿಗಷ್ಟ ಕಟ್ರಿ. ಕ್ಯಾಬಿನ್ ಮ್ಯಾಲೆ ಏನರ ಚಾಚಿಕೊಂಡಿದ್ರ ಕನಿಷ್ಠ 50 ಮಿ.ಮೀ. ಸಂದು ಬಿಡ್ರಿ.

ಪಾದದ ವಿಷಯ. ಬಾಡಿ ಮ್ಯಾಲಂಚಿನ ತಗಡು ತೆಳ್ಳಗಿರ್ತೈತಿ, ಅದಕ್ಕ ಸಾದಾ ವಾಷರ್ ಸಾಲಂಗಿಲ್ಲ. ಕೆಳಗ 100×100 ಅಳತಿ 6 ಮಿ.ಮೀ. ಪ್ಲೇಟ್, ಮ್ಯಾಲೆ ಅಷ್ಟ ಅಳತಿ ಪಾದ, ನಡುವ 8 ಮಿ.ಮೀ. ರಬ್ಬರ್. ಪಾದಕ್ಕ ನಾಕು ಎಂ10 ಬೋಲ್ಟ್, 8.8 ಗ್ರೇಡಿನವು, ನೈಲಾನ್ ಲಾಕ್ ನಟ್. ಟಾರ್ಕ್ 45 ನ್ಯೂಟನ್ ಮೀಟರ್ ಸಾಕು, ಆದ್ರ ಬೋಲ್ಟ್ ಬಾಡಿ ತಗಡನ್ನ ಹಿಚುಕದಂಗ ಒಳಗ ಸ್ಪೇಸರ್ ಪೈಪ್ ಹಾಕ್ರಿ. ನೂರು ಕಿ.ಮೀ. ಓಡಿದ ಮ್ಯಾಲೆ ಇನ್ನೊಮ್ಮೆ ಬಿಗೀಬೇಕು, ಯಾಕಂದ್ರ ರಬ್ಬರ್ ಕುಂತಿರ್ತೈತಿ. ಬಾಡಿ ತಳದ ಅಡ್ಡ ಚಾನೆಲ್ಲಿನ ಮಟಾ ಕಾಲು ಇಳಿಸಾಕ ಬಂದ್ರ ಅದು ಇನ್ನೂ ಛಲೋ.

ವೆಲ್ಡಿಂಗ್ ಹೊಡಿವಾಗ ಪೈಪಿನ ಮೂಲಿಗೆ ಬಂದು ನಿಲ್ಲಿಸಬ್ಯಾಡ್ರಿ. ಬಿರುಕು ಹುಟ್ಟೂದು ಅಲ್ಲೇ. ಮೂಲಿ ದಾಟಿ 15 ಮಿ.ಮೀ. ಹೋಗಿ ನಿಲ್ಲಿಸ್ರಿ. ಕಾಲು ಮತ್ತ ಅಡ್ಡಪಟ್ಟಿ ನಡುವ ಓರೆ ಪೈಪ್ ಹಾಕ್ರಿ, ಎಡ ಬಲಕ್ಕೂ ಹಿಂದ ಮುಂದಕ್ಕೂ. ಓರೆ ಇಲ್ಲದ ಚೌಕಟ್ಟು ಪ್ರತಿ ಬ್ರೇಕಿಗೆ ಡೊಂಕಾಗಿ ನೆಟ್ಟಗಾಗತೈತಿ, ಪೂರಾ ಕೆಲಸ ಮೂಲಿ ವೆಲ್ಡಿಂಗ್ ಮಾಡತೈತಿ. ಓರೆ ಬಿತ್ತಂದ್ರ 2 ಮಿ.ಮೀ. ದಪ್ಪ ಧಾರಾಳ ಆತು. ಲೆಕ್ಕ ನೋಡ್ರಿ: ಕಾಲು ಮತ್ತ ಉದ್ದಪಟ್ಟಿಗೆ 40×40×2, 10 ಮೀಟರ್, 24 ಕೆಜಿ. ಅಡ್ಡಪಟ್ಟಿ 40×20×2, ಐದು ತುಂಡು, 11 ಕೆಜಿ. ಓರೆಗೆ 25×25×2, 6 ಮೀಟರ್, 9 ಕೆಜಿಕ್ಕಿಂತ ಕಡಿಮಿ. ಪ್ಲೇಟ್ ಸೇರಿ 50ರೊಳಗ ಮುಗೀತು. ತಲಿ ಮ್ಯಾಲಿನ ಸುಮಾರು 30 ಕೆಜಿ ಇಳೀತು. ದೊಡ್ಡ ತಗ್ಗಿಗೆ ತೂಕ ಮೂರು ಪಟ್ಟು ಬಡೀತೈತಿ ಅಂತ ಹಿಡದ್ರ 90 ಕೆಜಿ ಏಟು ಕಡಿಮಿ ಆದಂಗ.

ಪ್ರತಿ ಪೈಪಿನ ತಳಮಗ್ಗಲಿಗೆ 6 ಮಿ.ಮೀ. ತೂತು ಮರೀಬ್ಯಾಡ್ರಿ. ಚೋರ್ಲಾ ಮಳಿ ನೀರು ಪೈಪಿನಾಗ ನಿಂತ್ರ ಒಳಗಿಂದ ತಿಂತೈತಿ, ಹೊರಗ ಬಣ್ಣ ಹೊಸಾದ ಇರ್ತೈತಿ.

---

ತಾಡಪತ್ರಿ ಹೊಲಿಗೆ, ವಿಜಯಪುರ

ಗಾದಿ ಕೆಳಗಿನ ನೀರಿನ ಬಗ್ಗೆ ಅಷ್ಟ ಹೇಳತೀನ್ರಿ, ಉಳದದ್ದು ಮ್ಯಾಲಿನವರು ಬರದಾರ.

ಮೊದಲ ಅದು ಸೋರಿದ ನೀರೋ ಬೆವತ ನೀರೋ ಗೊತ್ತು ಮಾಡ್ಕೋರಿ. ಮಲಗೂ ಮುಂದ ಗಾದಿ ಕೆಳಗ ಪೂರಾ ಹಳೇ ಪೇಪರ್ ಹಾಸ್ರಿ. ಮುಂಜಾನೆ ತಗದು ನೋಡಿದ್ರ ಅಂಚಿನ್ಯಾಗ, ಮೂಲ್ಯಾಗ ಹಸಿ ಇದ್ರ ಸೋರಿಕಿ. ಹೆಗಲು, ಸೊಂಟ ಇದ್ದ ಕಡೆ ನಡುವ ಹಸಿ ಆಗಿ ಅಂಚು ಒಣಗಿದ್ದಂಗ ಇದ್ರ ಬೆವತದ್ದು. ನೀವು ಬರದದ್ದು ನೋಡಿದ್ರ ಇದು ಎರಡನೇದು. ಮೈ ಬಿಸಿಗೆ ಬಂದ ಆವಿ ಸ್ಪಂಜಿನ್ಯಾಗಿಂದ ಕೆಳಗ ಇಳೀತದ, ತಣ್ಣನ ಪ್ಲೈವುಡ್ಡಿಗೆ ತಾಗಿ ನೀರಾಗ್ತದ. ಮ್ಯಾಲೆ ಎಷ್ಟು ವಾಟರ್‌ಪ್ರೂಫ್ ಬಳದ್ರೂ ಇದು ನಿಲ್ಲಂಗಿಲ್ಲ.

ಇದಕ್ಕ ಎರಡು ಕೆಲಸ. ತಳ ತಣ್ಣಗಾಗಬಾರದು, ಗಾದಿ ಕೆಳಗ ಗಾಳಿ ಆಡಬೇಕು. ತಳಕ್ಕ 25 ಮಿ.ಮೀ. ಎಕ್ಸ್‌ಪಿಎಸ್ ಫೋಮ್ ಶೀಟ್ (ಥರ್ಮಾಕೋಲಿನಂಥಾದ್ದ, ಗಟ್ಟಿ ಇರ್ತದ), ಎರಡೂ ಮಗ್ಗಲಿಗೆ 1 ಮಿ.ಮೀ. ಅಲ್ಯುಮಿನಿಯಂ ಅಂಟಿಸಿದ ಹಲಗಿ ಮಾಡ್ರಿ. ಚದರ ಮೀಟರಿಗೆ 6.5 ಕೆಜಿ ಒಳಗ ಬರ್ತದ, 12 ಮಿ.ಮೀ. ಪ್ಲೈಗಿಂತ ಹಗುರ, ಬಾಗೂದೂ ಕಡಿಮಿ. ಅಂಟು ಪಾಲಿಯುರೆಥೇನ್ ಇರಲಿ. ಥಿನ್ನರ್ ಇದ್ದ ರಬ್ಬರ್ ಸೊಲ್ಯೂಷನ್ ಬಳದ್ರ ಫೋಮ್ ಕರಗಿ ಹೋಗ್ತದ. ಬೋಲ್ಟ್ ಬರೂ ಜಾಗಾದಾಗ ಫೋಮ್ ಕೊರದು ಕಟಗಿ ತುಂಡು ಇಡಬೇಕು, ಇಲ್ಲಂದ್ರ ಬಿಗದಾಗ ತಗಡು ಒಳಗ ಹೋಗ್ತದ. ಹಲಗಿ ಮ್ಯಾಲೆ 15 ಮಿ.ಮೀ. ತೆಂಗಿನ ನಾರಿನ ಚಾಪಿ, ಅದರ ಮ್ಯಾಲೆ ಗಾದಿ. ಬರೇ ಅಲ್ಯುಮಿನಿಯಂ ಮ್ಯಾಲೆ ಗಾದಿ ಹಾಕಿದ್ರ ಪ್ಲೈಗಿಂತ ಹೆಚ್ಚಿಗಿ ನೀರು ನೋಡ್ತೀರಿ.

ಕಿಂಡಿ ಎರಡು ಬೇಕು, ಒಂದು ಕೆಳಗ ಒಂದು ಎದುರು ಮಗ್ಗಲಿಗೆ ಮ್ಯಾಲೆ, ಕನಿಷ್ಠ 30×10 ಸೆಂ.ಮೀ., ಮಳ್ಯಾಗೂ ತಗದಿಡೂವಂಗ ಟೊಪ್ಪಿಗಿ ಹೊಲದು. ಜನಾ ಥಂಡಿಗೆ ಅಂತ ಇವನ್ನ ಮುಚ್ಚತಾರ, ಮುಂಜಾನೆ ಛತ್ತು ತೊಟ್ಟಿಕ್ಕತದ.

ಬಟ್ಟಿ 280ರಿಂದ 300 ಜಿಎಸ್ಎಂ (ಚದರ ಮೀಟರಿಗೆ ಅಷ್ಟು ಗ್ರಾಂ) ಪಾಲಿ-ಕಾಟನ್ ಕ್ಯಾನ್ವಾಸ್ ತಗೋರಿ. ಲಾರಿ ತಾಡಪತ್ರಿ ಉಸಿರಾಡಂಗಿಲ್ಲ, ಅದನ್ನ ಗ್ವಾಡಿಗೆ ಹಾಕಬ್ಯಾಡ್ರಿ. ಮ್ಯಾಲ ಹೊದಿಕಿಗೆ ನಡೀತದ, 6 ಸೆಂ.ಮೀ. ಸಂದು ಬಿಟ್ಟು. ದಾರ ಒಳಗ ಪಾಲಿಯೆಸ್ಟರ್, ಹೊರಗ ಹತ್ತಿ ಸುತ್ತಿದ್ದು ಇರಬೇಕು: ನೀರು ಬಿದ್ದಾಗ ಹತ್ತಿ ಉಬ್ಬಿ ಸೂಜಿ ತೂತು ಮುಚ್ಚತದ. ಅದಕ್ಕ ಹೊಸಾ ಟೆಂಟನ್ನ ಮೂರು ಸಲ ಪೂರಾ ತೋಯಿಸಿ ಪೂರಾ ಒಣಗಿಸ್ರಿ, ಆಮ್ಯಾಲೆ ಮಳಿಗೆ ಒಯ್ರಿ. ಹೊಲಿಗಿ ಮಡಚಿ ಎರಡು ಸಾಲು, ಸೆಂ.ಮೀ.ಗೆ ಮೂರು ಟಾಕಿ. ಮಡಿಕಿ ಬಾಯಿ ಕೆಳಗ ಬರಬೇಕು, ಮ್ಯಾಲೆ ಬಂದ್ರ ನೀರು ಹಿಡೀತದ.

ಚೈನು (ಜಿಪ್) 10 ನಂಬರಿಂದು. 5 ನಂಬರ್ ನಮ್ಮ ಎರಿ ಮಣ್ಣಿನ ಹುಡಿಗೆ ತಡ್ಯಂಗಿಲ್ಲ. ತಿರುವಿನ್ಯಾಗ 15 ಸೆಂ.ಮೀ.ಗಿಂತ ಸಣ್ಣ ಗುಂಡು ಮಾಡಬ್ಯಾಡ್ರಿ. ಬಿಗಿ ಬಂತಂತ ಎಣ್ಣಿ ಹಚ್ಚಿದ್ರ ಹುಡಿ ಕೆಸರಾಗಿ ಹಲ್ಲು ತಿಂತದ; ಒಣಾ ಬ್ರಷ್ ಹೊಡದು ಮೇಣಬತ್ತಿ ತಿಕ್ಕರಿ.

---

ಮಲಪ್ರಭಾ ದಂಡೆ

ಶಾಕ್ ಬಗ್ಗೆ ಯಾರೂ ಬರೆದಿಲ್ಲ, ಆದ್ದರಿಂದ ಅದನ್ನು ಹೇಳುತ್ತೇನೆ. 500 ನ್ಯೂಟನ್ ಹಾಕಿದರೆ ಬೇಸಿಗೆಯ ತೊಂದರೆ ದುಪ್ಪಟ್ಟಾಗುತ್ತದೆ. ಬದಲಿಸಬೇಕಾದ್ದು ಶಾಕ್ ಕೂಡಿಸಿದ ಜಾಗ.

ಮುಚ್ಚಳ 24 ಕೆಜಿ, ಅದರ ತೂಕದ ನಡು ಹಿಂಜಿನಿಂದ 1.05 ಮೀಟರ್ ದೂರ. ಮಲಗಿದ್ದಾಗ ಹಿಂಜಿನ ಸುತ್ತ ತಿರುಚುವ ಬಲ ಸುಮಾರು 247 ನ್ಯೂಟನ್ ಮೀಟರ್. ಮುಚ್ಚಿದ ಸ್ಥಿತಿಯಲ್ಲಿ ಶಾಕ್ ಕೂಡ ಬಹುತೇಕ ಮಲಗಿರುತ್ತದೆ. ಹಿಂಜಿನಿಂದ ಶಾಕಿನ ಗೆರೆಗೆ ಲಂಬ ದೂರ 5 ಸೆಂ.ಮೀ. ಇದ್ದರೆ ಎರಡೂ ಶಾಕ್ ಸೇರಿ ಕೊಡುವುದು ಬರೀ 40. ಉಳಿದದ್ದನ್ನು ನಿಮ್ಮ ಕೈ ಎತ್ತಬೇಕು, ಹಿಂತುದಿಯಲ್ಲಿ ಅದು 10 ಕೆಜಿ. ಮುಚ್ಚಳ 35 ಡಿಗ್ರಿ ಎದ್ದಾಗ ತೂಕದ ಪಾಲು 202ಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ಆ ಲಂಬ ದೂರ 35 ಸೆಂ.ಮೀ. ಆಗಿದ್ದರೆ ಶಾಕಿನ ಪಾಲು 280. ಹಾಗಾಗಿ ಮೊದಲು ಭಾರ, ಕೊನೆಗೆ ಹಾರಾಟ. ಕೆಳಗಿನ ಕೊಂಡಿಯನ್ನು ತಗ್ಗಿಸಿ ಮುಚ್ಚಿದಾಗಿನ ದೂರ 12 ಸೆಂ.ಮೀ. ಮಾಡಿದರೆ ಕೈಗೆ ಬರುವುದು 7 ಕೆಜಿ ಚಿಲ್ಲರೆ.

ಶಾಕಿನ ಮೇಲೆ ಬರೆದ ಅಂಕೆ 20 ಡಿಗ್ರಿ ಶಾಖದ್ದು. ಒಳಗಿರುವುದು ಗಾಳಿಯಂತೆಯೇ ಹಿಗ್ಗುವ ನೈಟ್ರೋಜನ್, ಪ್ರತಿ 10 ಡಿಗ್ರಿಗೆ ಬಲ ಶೇ. 3.4ರಷ್ಟು ಏರುತ್ತದೆ. ಬೆಳಗಾವಿಯ 14 ಡಿಗ್ರಿ ಮುಂಜಾವಿಗೂ ವಿಜಯಪುರದ 42 ಡಿಗ್ರಿ ಮಧ್ಯಾಹ್ನಕ್ಕೂ ಹತ್ತಿರ ಹತ್ತಿರ ಶೇ. 10 ವ್ಯತ್ಯಾಸ. ಹೀಗಾಗಿ ಎರಡೂ ಬದಿಗೆ ಬೆಲ್ಟ್ ಪಟ್ಟಿ ಕಟ್ಟಿ, ಮುಚ್ಚಳ ಅದರಾಚೆ ಹೋಗದಿರಲಿ. ಮುಚ್ಚಿದಾಗ ಶಾಕಿನ ಸರಳು ಕೆಳಮುಖವಾಗಿರಬೇಕು, ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗದಂತೆ ಕಾಯುತ್ತದೆ. ತಲೆಕೆಳಗು ಕೂಡಿಸಿದ ಶಾಕ್ ಬೇಗ ಗ್ಯಾಸ್ ಬಿಡುತ್ತದೆ.

ಇಷ್ಟೆಲ್ಲ ಹೇಳಿದರೂ ನನ್ನ ಅಭಿಪ್ರಾಯ ಬೇರೆ ಇದೆ. ನಿಮ್ಮ ಬಾಡಿ 1.45 ಮೀಟರ್, ಟೆಂಟು 2.1. ಉದ್ದ ಹಿಡಿಸದ್ದಕ್ಕೇ ಅದು ಕ್ಯಾಬಿನ್ ಮೇಲೇರಿದೆ, ವಾಲುವುದಕ್ಕೆ ಅದೇ ಕಾರಣ. ನಡುವೆ ಮಡಚುವ ಮೆತ್ತನೆ ಹೊದಿಕೆಯ ಟೆಂಟು ತೆಗೆದುಕೊಳ್ಳಿ: ಮಡಚಿದಾಗ 1.25×1.2, ಬಿಚ್ಚಿದಾಗ 2.4. ಪೂರ್ತಿ ಕ್ಯಾಬಿನ್ ಹಿಂದೆಯೇ ಕೂರುತ್ತದೆ, ಬಾಡಿ ಅಂಚಿನಿಂದ 35 ಸೆಂ.ಮೀ. ಎತ್ತರದಲ್ಲಿ ಇಟ್ಟರೆ ಅದರ ನೆತ್ತಿ ಕ್ಯಾಬಿನ್ ಮಟ್ಟಕ್ಕೆ ಬರುತ್ತದೆ. ತೂಕ 40 ಸೆಂ.ಮೀ. ಕೆಳಗಿಳಿಯಿತು, ಎದುರು ಗಾಳಿಯೂ ಇಲ್ಲ, ಮುಚ್ಚಳ, ಶಾಕ್ ಎರಡೂ ಇಲ್ಲ. ಬಿಚ್ಚಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಒದ್ದೆ ಬಟ್ಟೆ ಮಡಚುವ ಕಷ್ಟವೂ ಇದೆ. ಘಾಟಿನ ರಸ್ತೆಗೆ ಈ ಬೆಲೆ ಕೊಡಬಹುದು.

---

ಕೃಷ್ಣಾತೀರ, ಬಾಗಲಕೋಟೆ

ಮೂವರಿಗೂ ತುಂಬಾ ಉಪಕಾರವಾಯಿತು. ದಿಮ್ಮಿಯ ಪರೀಕ್ಷೆಯಲ್ಲಿ ಸಂದಿನ ವ್ಯತ್ಯಾಸ 11 ಮಿ.ಮೀ. ಬಂತು. ಕ್ಯಾಬಿನ್ ಬೋಲ್ಟ್ ತೆಗೆಯುತ್ತೇನೆ, ಮಡಚುವ ಟೆಂಟೇ ಆಗಲಿ. ಹೊರಗೆ ಚಾಚುವ ಅರ್ಧ ತಳ ಏಣಿಯ ಮೇಲೆ ನಿಲ್ಲುತ್ತದಲ್ಲ, ಎರೆ ಹೊಲದಲ್ಲಿ ಏಣಿ ಹೂತರೆ? 40 ಲೀಟರ್ ನೀರಿನ ಡಬ್ಬಿ ಎಲ್ಲಿಡುವುದು?

---

ಮಲಪ್ರಭಾ ದಂಡೆ

ಏಣಿ ಹೂಳುವುದು ನಿಜ. ಎರಡು ಕಾಲಿನ ತುದಿ ಸೇರಿ 32 ಚದರ ಸೆಂ.ಮೀ. ಅಂತ ಹಿಡಿಯಿರಿ, 100 ಕೆಜಿ ಬಿದ್ದರೆ ಚದರ ಸೆಂ.ಮೀ.ಗೆ 3 ಕೆಜಿ ಆಯಿತು, ಹಸಿ ಎರೆ ಅದನ್ನು ತಡೆಯುವುದಿಲ್ಲ. 18 ಮಿ.ಮೀ. ಪ್ಲೈವುಡ್ಡಿನ 30×30 ಹಲಗೆಗಳೆರಡನ್ನು ಕಾಲಿಗೊಂದರಂತೆ ಇಟ್ಟರೆ ಅದು 0.06ಕ್ಕೆ ಇಳಿಯುತ್ತದೆ. ತಳ ನೆಲದಿಂದ ಒಂದೂವರೆ ಮೀಟರ್ ಇದ್ದರೆ ಏಣಿಯ ಬುಡ 40 ಸೆಂ.ಮೀ. ಹೊರಗಿರಲಿ. ಮಲಗುವ ಮೊದಲೊಮ್ಮೆ ಇಬ್ಬರೂ ಮೇಲೆ ಕೂತು ಇಳಿದು ಏಣಿಯ ಉದ್ದ ಸರಿಪಡಿಸಿ, ಮಣ್ಣು ಕುಸಿಯುವುದೆಲ್ಲ ಆಗಲೇ ಕುಸಿದಿರುತ್ತದೆ. ಮಳೆಗಾಲದ ಗಾಳಿ ಪಶ್ಚಿಮದ್ದು, ಗಾಡಿಯ ಮೂತಿ ಅತ್ತ ಮಾಡಿ ನಿಲ್ಲಿಸಿ. ಗಂಟೆಗೆ 54 ಕಿ.ಮೀ. ಗಾಳಿ ಉದ್ದ ಮಗ್ಗಲಿಗೆ ಬಡಿದರೆ 35 ಕೆಜಿ ತಳ್ಳು, ಅಡ್ಡ ಮಗ್ಗಲಿಗಾದರೆ 19.

ನೀರಿನ ಡಬ್ಬಿ ಬಾಡಿಯ ತಳದಲ್ಲಿ, ಕ್ಯಾಬಿನ್ ಗೋಡೆಗೆ ಒತ್ತಿ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಎಲ್ಲ ತುಂಬಿದ ಮೇಲೆ ಕಾಟಾದಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆ ಬೇರೆ ತೂಗಿಸಿ, ಆರ್.ಸಿ.ಯಲ್ಲಿರುವ ಒಟ್ಟು ತೂಕದೊಳಗೆ ಇದೆಯೇ ನೋಡಿ.

---

ಉದ್ಯಮಬಾಗ್ ವೆಲ್ಡರ್, ಬೆಳಗಾವಿ

11 ಮಿ.ಮೀ. ಅಂದ್ರ ಬಿರುಕು ಬಂದದ್ದು ಬರೋಬ್ಬರಿ ಐತ್ರಿ. ಇನ್ನೊಂದು ಮಾತು: ರ‍್ಯಾಕ್ ಬಾಡಿಗೆ ವೆಲ್ಡ್ ಮಾಡಬ್ಯಾಡ್ರಿ, ಬಿಚ್ಚೂವಂಗ ಬೋಲ್ಟ್ ಇರಲಿ. ಆರ್.ಸಿ. ವಿವರ ಬದಲಾಗೂವಂಥ ಮಾರ್ಪಾಡು ಮೋಟಾರು ವಾಹನ ಕಾಯ್ದೆ 52ನೇ ಕಲಮಿನಾಗ ಬರತೈತಿ, ಕಟ್ಟೂ ಮೊದಲ ಆರ್‌ಟಿಒ ಕಚೇರಿಯಾಗ ಡ್ರಾಯಿಂಗ್ ತೋರಿಸಿ ಕೇಳ್ರಿ. ಹಳೇ ರ‍್ಯಾಕಿನ ಪೈಪ್ ತಿರಗಿ ಬಳಸೂದಿದ್ರ ಬಿರುಕಿನಿಂದ 10 ಸೆಂ.ಮೀ. ಬಿಟ್ಟು ಕತ್ತರಸ್ರಿ, ಮ್ಯಾಲೆ ಮತ್ತ ವೆಲ್ಡ್ ಹೊಡದು ಮುಚ್ಚಬ್ಯಾಡ್ರಿ.